ನಡುವೆ ಬಿಟ್ಟ ಜಾಗ

ಅಕ್ಕನ ಮನೆ
ಸೋಮವಾರ, ಮಧ್ಯಾಹ್ನ

ರೀ,

ಹೀಗಲ್ಲದೆ ಬೇರೆ ಹೇಗೆ ಕರೆಯಲಿ, ನೀವೇ ಹೇಳಿ. ವಕೀಲರು ಕಳಿಸಿದ ಕಾಗದದಲ್ಲಿ ನೀವು ಮೊದಲನೇ ಪಕ್ಷ, ನಾನು ಎರಡನೇ ಪಕ್ಷ. "ಪ್ರಿಯ ಮೊದಲನೇ ಪಕ್ಷದವರೇ" ಎಂದು ಶುರು ಮಾಡಿದೆ, ನನಗೇ ನಗು ಬಂತು, ಆ ಹಾಳೆ ಹರಿದು ಹಾಕಿದೆ. ಹನ್ನೆರಡು ವರ್ಷ 'ರೀ' ಎಂದು ಕೂಗಿದ ಬಾಯಿ ಇದು. ಸಹಿ ಬೀಳುವ ತನಕವಾದರೂ ಹಾಗೇ ಕೂಗುತ್ತೇನೆ, ಬೇಕಾದರೆ ವಕೀಲರನ್ನು ಕೇಳಿ ನೋಡಿ.

ಕಾಗದ ಶುಕ್ರವಾರ ಬಂತು. ಜೊತೆಗಿದ್ದ ನಿಮ್ಮ ಚೀಟಿಯೂ ಸಿಕ್ಕಿತು. ನಾನು ಮನೆ ಬಿಟ್ಟು ಒಂದೂಮುಕ್ಕಾಲು ವರ್ಷವಾಯಿತು, ಅಷ್ಟು ದಿನಕ್ಕೆ ನೀವು ಬರೆದದ್ದು ಐದೇ ಐದು ಸಾಲು! ಗಿರಾಕಿಗೆ "ಆಲ್ಬಂ ರೆಡಿ ಇದೆ, ಬಂದು ತಗೊಂಡು ಹೋಗಿ" ಎಂದು ತಿಳಿಸುವಾಗಲೂ ಇದಕ್ಕಿಂತ ಉದ್ದ ಬರೆಯುತ್ತಿದ್ದಿರಿ. "ಆ ಡಬ್ಬಿ ನನ್ನದು, ಆ ನಿಯಮ ನನ್ನದು, ಮಗಳ ವಿಷಯದಲ್ಲಿ ತಪ್ಪೂ ನನ್ನದೇ. ನನ್ನ ಮುಖ ನೋಡಿಕೊಂಡು ನೀನು ಬದುಕಬೇಕಾಗಿಲ್ಲ. ನಿನ್ನನ್ನು ಬಿಡುಗಡೆ ಮಾಡುತ್ತಿದ್ದೇನೆ. ಗುರುವಾರ ಹನ್ನೊಂದಕ್ಕೆ ವಕೀಲರ ಕಚೇರಿಗೆ ಬಾ. ಬರಲಾಗದಿದ್ದರೆ ಸಹಿ ಮಾಡಿ ಅಂಚೆಗೆ ಹಾಕು."

ಸಹಿ ಮಾಡಲು ಕುಳಿತೆ, ಸುಳ್ಳು ಯಾಕೆ ಹೇಳಲಿ. ಪೆನ್ನಿನ ಮುಚ್ಚಳ ತೆಗೆದೆ. "ತಪ್ಪೂ ನನ್ನದೇ" ಎನ್ನುವ ಆ ನಿಮ್ಮ ಸಾಲು ಕಣ್ಣಿಗೆ ಬಿತ್ತು, ಕೈ ಅಲ್ಲೇ ನಿಂತುಹೋಯಿತು. ಯಾಕೆ ನಿಂತಿತು ಎಂಬುದನ್ನು ಹೇಳಲೆಂದೇ ಈ ಪತ್ರ. ಆದರೆ ಅದನ್ನು ಹೇಳುವ ಮೊದಲು ನಿಮ್ಮ ಜೊತೆ ಒಂದು ಜಗಳ ಬಾಕಿ ಇದೆ, ಅದನ್ನು ಮುಗಿಸಿಕೊಳ್ಳುತ್ತೇನೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ನಾನು ಯಾಕೆ ಹೊರಟುಹೋದೆ ಎಂದು ನೀವು ಒಂದು ಸಲವೂ ಕೇಳಲಿಲ್ಲ. ಡಬ್ಬಿಯ ಕಾರಣಕ್ಕೆ ಎಂದು ನೀವೇ ತೀರ್ಮಾನ ಮಾಡಿಕೊಂಡುಬಿಟ್ಟಿರಿ. ಅಲ್ಲ ರೀ. ಒಂದು ಪೋಸಿನ ಕಾರಣಕ್ಕೆ ಹೋದೆ.

ಬೇರೆ ಫೋಟೋಗ್ರಾಫರುಗಳು ಮದುಮಕ್ಕಳಿಗೆ "ನಗಿ, ಇನ್ನೂ ಸ್ವಲ್ಪ ನಗಿ" ಎನ್ನುತ್ತಿದ್ದರು, ಅವರು ಹಲ್ಲುನೋವು ಬಂದವರ ಹಾಗೆ ಹಲ್ಲು ಕಿರಿಯುತ್ತಿದ್ದರು. ನಮ್ಮ ಸ್ಟುಡಿಯೋದಲ್ಲಿ ಆ ಮಾತನ್ನೇ ಆಡುವ ಹಾಗಿರಲಿಲ್ಲ. "ಕೈಗೆ ಏನಾದ್ರೂ ಕೆಲಸ ಕೊಡಿ, ಕೈ ಖಾಲಿ ಇದ್ರೆ ಮುಖ ಗಾಬರಿ ಆಗುತ್ತೆ" ಎಂದು ನೀವು ಹೇಳುತ್ತಿದ್ದಿರಿ. ಹುಡುಗನಿಗೆ "ಬೆಳಿಗ್ಗೆ ಏನು ತಿಂದೆ ಅಂತ ಅವಳ ಕಿವೀಲಿ ಹೇಳು, ಆದ್ರೆ ದೊಡ್ಡ ಗುಟ್ಟು ಹೇಳೋ ಹಾಗೆ ಹೇಳಪ್ಪ" ಎನ್ನುತ್ತಿದ್ದಿರಿ. ಅದಕ್ಕೂ ಬಗ್ಗದ ಜೋಡಿಯಾದರೆ ನನ್ನ ಕಡೆ ನೋಡಿ ಹುಬ್ಬು ಹಾರಿಸುವುದು. ನಾನು ಕೈಯಲ್ಲಿದ್ದ ಲೈಟು ಕೆಳಗಿಟ್ಟು ಬಂದು ನಿಮ್ಮ ಪಕ್ಕ ನಿಲ್ಲುವುದು. "ನಾವು ಮಾಡಿ ತೋರಿಸ್ತೀವಿ, ನೀವು ಕಾಪಿ ಹೊಡೀರಿ, ಪರೀಕ್ಷೆ ಏನಲ್ಲ" ಎಂದು ಅವರಿಗೆ ಹೇಳಿ, ನೀವು ನನ್ನ ಕಿವಿಗೆ ಬಾಯಿಟ್ಟು ಗಿರಾಕಿಯ ಚಿಕ್ಕಪ್ಪನ ವಿಗ್ಗಿನ ಬಗ್ಗೆ ಏನಾದರೊಂದು ಊದುತ್ತಿದ್ದಿರಿ. ನನಗೆ ನಗು ತಡೆಯುತ್ತಿರಲಿಲ್ಲ. ನಾನು ನಕ್ಕದ್ದು ನೋಡಿ ಅವರಿಗೂ ಬರುತ್ತಿತ್ತು. ಎಷ್ಟು ನೂರು ಜೋಡಿಗಳು ನಮ್ಮನ್ನು ನೋಡಿ ಜೊತೆಯಲ್ಲಿ ನಿಲ್ಲುವುದನ್ನು ಕಲಿತವೋ, ಲೆಕ್ಕವಿಟ್ಟವರಿಲ್ಲ.

ನಮ್ಮ ಮಗಳು ಬಟಾಣಿ ನಡೆಯಲು ಕಲಿತ ಮೇಲೆ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೆವು. ಮನೆಯಲ್ಲಿ ಬಿಟ್ಟುಹೋಗಲು ಯಾರಿದ್ದರು? ನಾವು ಪೋಸು ತೋರಿಸಲು ನಿಂತರೆ ಸಾಕು, ಎಲ್ಲಿದ್ದರೂ ಓಡಿಬಂದು ನಮ್ಮಿಬ್ಬರ ಕಾಲುಗಳ ನಡುವೆ ನುಗ್ಗಿ, ನಿಮ್ಮ ಪ್ಯಾಂಟಿನ ಜೇಬು ಹಿಡಿದು ಜೋತುಬೀಳುತ್ತಿದ್ದಳು. "ನಾನೂ ಪೋಸು, ನಾನೂ ಪೋಸು!" ಅವಳಿಗೆ ಜಾಗವಾಗಲಿ ಎಂದು ನಾವು ದೂರ ದೂರ ಕಾಲಿಟ್ಟು ನಿಲ್ಲುವುದನ್ನು ರೂಢಿ ಮಾಡಿಕೊಂಡೆವು. ಮೇಲೆ ಹೆಗಲಿಗೆ ಹೆಗಲು ಅಂಟಿರುತ್ತಿತ್ತು, ಕೆಳಗೆ ಒಂದೂವರೆ ಗೇಣು ಸಂದು. ಜೋಡಿಗಳು ಅದನ್ನು ಸಂದು ಸಮೇತ ಕಾಪಿ ಹೊಡೆದವು. ಹಾಗೆ ಕಾಲಿಟ್ಟರೆ ಒಬ್ಬರ ಭಾರ ಇನ್ನೊಬ್ಬರು ಹೊರಲೇಬೇಕು, ಸುಮ್ಮನೆ ಒರಗಿದ ಹಾಗೆ ನಟಿಸಲು ಆಗುವುದಿಲ್ಲ. "ಇವರ ಫೋಟೋದಲ್ಲಿ ಗಂಡ ಹೆಂಡತಿ ನಿಜವಾಗ್ಲೂ ಒರಗಿಕೊಂಡಿರ್ತಾರೆ ನೋಡಿ" ಎಂದು ಜನ ಬಾಯಿತುಂಬ ಹೊಗಳುತ್ತಿದ್ದರು. ಸ್ಟುಡಿಯೋಗೆ ಹೆಸರು ಬಂದದ್ದು ನಿಮ್ಮ ಕ್ಯಾಮೆರಾದಿಂದಲ್ಲ, ಆ ಐದು ವರ್ಷದ ಪೋರಿಯಿಂದ.

ಅವಳು ತೀರಿಹೋದ ಮೂರು ವಾರಕ್ಕೆ ಮತ್ತೆ ಕೆಲಸಕ್ಕೆ ಹೋದೆವು. ಮೊದಲೇ ಒಪ್ಪಿಕೊಂಡಿದ್ದ ಮದುವೆಗಳು. ಮೊದಲ ದಿನವೇ ಒಂದು ಮೊಂಡು ಜೋಡಿ ಗಂಟುಬಿತ್ತು. ನೀವು ಹುಬ್ಬು ಹಾರಿಸಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದಿರಿ. ನಾನು ಬಂದು ನಿಂತೆ. ನನ್ನ ಕಾಲು ತಾನಾಗಿಯೇ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ನಿಮ್ಮದೂ ಬಿಟ್ಟಿತು. ಆಮೇಲೆ ಒಂದು ವರ್ಷ ಹಾಗೆಯೇ ನಿಂತೆವು. ಅದರ ಬಗ್ಗೆ ನಾನೂ ಮಾತೆತ್ತಲಿಲ್ಲ, ನೀವೂ ಎತ್ತಲಿಲ್ಲ. ಹುಚ್ಚು ಎನ್ನಿ ಬೇಕಾದರೆ, ಹಾಗೆ ನಿಂತಾಗ ನನ್ನ ಮೊಣಕಾಲಿನ ಹತ್ತಿರ ಬೆಚ್ಚಗಾಗುತ್ತಿತ್ತು. ಎಷ್ಟೋ ದಿನ ನಾನು ಹಾಸಿಗೆಯಿಂದ ಎದ್ದದ್ದೇ ಆ ಎರಡು ನಿಮಿಷಕ್ಕಾಗಿ.

ಆಮೇಲೆ ಮೆಟ್ಟಿಲ ಮೇಲೆ ಫೋಟೋ ತೆಗೆದ ಆ ಮದುವೆ ಬಂತು. ಮದುಮಗಳು ಹಸಿರು ಕಿವಿಯೋಲೆ ಹಾಕಿದ್ದಳು, ನೆನಪಿರಬಹುದು. ನಾವು ತೋರಿಸಲು ನಿಂತೆವು. ನೀವು ನನ್ನ ಸೊಂಟ ಹಿಡಿದು ಎಳೆದು, "ಹತ್ತಿರ ಬಾ, ಸಂದು ಕಾಣ್ತಿದೆ" ಎಂದಿರಿ. ನಿಮ್ಮ ಎಡಗಾಲು ಬೂಟು ಸಮೇತ ಅವಳ ಜಾಗಕ್ಕೆ ಬಂದು ನಿಂತಿತು. ಅವಳ ಪಾದ ನಿಮ್ಮ ಬೂಟಿನಡಿಗೆ ಸಿಕ್ಕಿಬಿತ್ತೆಂದೇ ನನಗನ್ನಿಸಿತು ರೀ! ಅಲ್ಲೇ ಕಿರುಚಬೇಕಿತ್ತು. ಕಿರುಚಲಿಲ್ಲ, ಪೋಸು ಮುಗಿಸಿ ಲೈಟು ಎತ್ತಿಕೊಂಡೆ. ಮರುದಿನ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದೆ. ನನಗೆ ಮಗಳಾಗಿ ಕಂಡದ್ದು ಈ ಮನುಷ್ಯನಿಗೆ ಬರೀ ಸಂದಾಗಿ ಕಂಡಿತಲ್ಲ, ಇಂಥ ಕಲ್ಲಿನ ಜೊತೆ ಹೇಗೆ ಬಾಳುವುದು ಎಂದು ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡು ಬಂದೆ.

ಬಂದರೇನು, ಇಲ್ಲಿಯೂ ಅದೇ ಕಾಟ. ನಮ್ಮ ಕೈಯಲ್ಲಿ ಫೋಟೋ ತೆಗೆಸಿಕೊಂಡವರು ಎಲ್ಲೆಲ್ಲಿ ಮನೆ ಮಾಡಿದ್ದಾರೋ ದೇವರಿಗೇ ಗೊತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋದೆ, ಅವರ ಮೇಜಿನ ಮೇಲೆ ಅವರ ಮಗ ಸೊಸೆ ಒಬ್ಬರಿಗೊಬ್ಬರು ಒರಗಿ ನಿಂತಿದ್ದಾರೆ, ಕೆಳಗೆ ಒಂದೂವರೆ ಗೇಣು ಸಂದು. ನಾನು ಈಗ ಕೆಲಸ ಮಾಡುವ ಬಟ್ಟೆ ಹೊಲಿಯುವ ಅಂಗಡಿಗೆ ಒಬ್ಬಾಕೆ ಅಳತೆ ಕೊಡಲು ಬಂದು ಮೊಬೈಲಿನಲ್ಲಿ ತನ್ನ ಮದುವೆ ಫೋಟೋ ತೋರಿಸಿದಳು, ಅದರಲ್ಲೂ ಅದೇ. ಯಾರ ಮನೆಗೆ ಹೋದರೂ ನನ್ನ ಕಣ್ಣು ಗೋಡೆಯ ಫೋಟೋದಲ್ಲಿ ಮುಖ ನೋಡುವುದಿಲ್ಲ, ನೇರ ಮೊಣಕಾಲಿನ ಹತ್ತಿರ ಇಳಿಯುತ್ತದೆ. ಕೆಲವು ಫೋಟೋಗಳಲ್ಲಿ ಗಂಡಸಿನ ಜೇಬು ಒಂದು ಕಡೆ ಕೆಳಕ್ಕೆ ಜಗ್ಗಿದ ಹಾಗಿರುತ್ತದೆ. ಡಾಕ್ಟರ ಮಗನದೂ ಹಾಗೇ ಇತ್ತು. ನಾನು ಬಗ್ಗಿ ಬಗ್ಗಿ ನೋಡಿದೆ, ಡಾಕ್ಟರು "ಏನಮ್ಮ, ನನ್ನ ಮಗ ನಿಮಗೆ ಪರಿಚಯನಾ?" ಎಂದು ಕೇಳಿದರು. ಜೇಬಿನಲ್ಲಿ ಕಾರಿನ ಕೀಲಿ ಇದ್ದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊರಗೆ ಬರುವ ಹೊತ್ತಿಗೆ ಯಾವ ಹಲ್ಲು ನೋಯುತ್ತಿತ್ತು ಎಂಬುದೂ ಮರೆತುಹೋಗಿತ್ತು.

ಹೋದ ತಿಂಗಳು ಅಕ್ಕನ ಮಗಳ ಮದುವೆಯಾಯಿತು. ನಿಮಗೆ ಹೇಳಿಕಳಿಸಲಿಲ್ಲ ಎಂದು ಅಕ್ಕನಿಗೆ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಫೋಟೋ ತೆಗೆಯಲು ಬಂದವಳು ಗುಂಗುರು ಕೂದಲಿನ ಹೆಂಗಸು, ಮಾತಿನ ಮಲ್ಲಿ, ಇಬ್ಬರು ಮಕ್ಕಳ ತಾಯಿಯಂತೆ. ನಾನು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ನಮ್ಮ ಹುಡುಗಿ, ಅಳಿಯ ಇಬ್ಬರೂ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿದ್ದರು. ಆಗ ಆಕೆ ಏನೆಂದಳು ಗೊತ್ತೇ? "ನಿಮ್ಮಿಬ್ಬರ ನಡುವೆ ಒಂದು ಮಗು ನಿಂತಿದೆ ಅಂದ್ಕೊಳ್ಳಿ. ಅದಕ್ಕೆ ಜಾಗ ಬಿಡಿ. ತುಳೀಬೇಡಿ, ಹುಷಾರು. ಈಗ ಅದರ ತಲೆ ಮೇಲಿಂದ ಒಬ್ಬರಿಗೊಬ್ಬರು ಒರಗಿ."

ಊಟದ ಹೊತ್ತಿಗೆ ಅವಳ ಪಕ್ಕ ಹೋಗಿ ಕುಳಿತು, ಇದನ್ನು ಯಾರಮ್ಮ ಹೇಳಿಕೊಟ್ಟಿದ್ದು ಎಂದು ಕೇಳಿದೆ. "ನಮ್ಮ ಸರ್ ಆಂಟಿ. ಹೋದ ವರ್ಷ ಅವರ ಹತ್ತಿರ ಭಾನುವಾರ ಭಾನುವಾರ ಹೋಗಿ ಕಲಿತೆ. ಪಾಪ, ಹೆಂಡತಿ ಬಿಟ್ಟು ಹೋಗಿದ್ದಾರಂತೆ, ಒಬ್ಬರೇ ಇರ್ತಾರೆ" ಎಂದಳು. ಆ ಹೆಂಡತಿಯ ತಟ್ಟೆಗೆ ತಾನೇ ಬಡಿಸುತ್ತ ಹೇಳಿದಳು ಪುಣ್ಯಾತ್ಗಿತ್ತಿ! ನೀವು ಪೋಸು ತೋರಿಸಲು ಕೋಟು ನೇತುಹಾಕುವ ಸ್ಟ್ಯಾಂಡಿಗೆ ಹೆಗಲು ಕೊಟ್ಟು ನಿಲ್ಲುತ್ತೀರಂತೆ. ಒಂದು ಸಲ ಅದರ ಸಮೇತ ಬಿದ್ದಿರಂತೆ. ನನ್ನ ಜಾಗಕ್ಕೆ ಕೋಟ್ ಸ್ಟ್ಯಾಂಡೇ? ಅದಕ್ಕಿಂತ ಒಳ್ಳೆಯದು ಯಾರೂ ಸಿಗಲಿಲ್ಲವೇ ನಿಮಗೆ? ಅಲ್ಲಿ ನಕ್ಕೆ, ಕೈ ತೊಳೆಯುವ ನೆಪ ಮಾಡಿ ಎದ್ದುಹೋಗಿ ಅತ್ತೆ.

ಮತ್ತೊಂದು ಮಾತು ಹೇಳಿದಳು. ಅವಳೊಮ್ಮೆ ಆ ಸಂದು ಚೆನ್ನಾಗಿ ಕಾಣುವುದಿಲ್ಲ, ಮುಚ್ಚೋಣವೇ ಸರ್ ಎಂದು ಕೇಳಿದಳಂತೆ. "ನಾನೊಂದು ಸಲ ಮುಚ್ಚೋಕೆ ಹೋಗಿ ಎಲ್ಲಾ ಕಳ್ಕೊಂಡೆ ಕಣಮ್ಮ. ಅದನ್ನ ನೋಡಿ ನೋಡಿ ತಡೆಯೋಕಾಗ್ಲಿಲ್ಲ, ಅದಕ್ಕೆ ಮುಚ್ಚಿದೆ" ಎಂದಿರಂತೆ. ಅಂದರೆ ನಿಮಗೂ ಕಾಣುತ್ತಿತ್ತು. ಒಂದು ವರ್ಷ ಪೂರ್ತಿ ನಾವಿಬ್ಬರೂ ಅವಳನ್ನು ನಡುವೆ ಇಟ್ಟುಕೊಂಡೇ ನಿಂತಿದ್ದೆವು, ಬಾಯಿಗೆ ಬೀಗ ಹಾಕಿಕೊಂಡು. ನಿಮ್ಮನ್ನು ಕಲ್ಲು ಎಂದ ನನ್ನ ನಾಲಿಗೆಗೆ ಏನು ಮಾಡಬೇಕು ಹೇಳಿ. ಜಗಳದಲ್ಲಿ ನಾನು ಸೋತೆ. ಹನ್ನೆರಡು ವರ್ಷದಲ್ಲಿ ಇದೇ ಮೊದಲು, ಬರೆದಿಟ್ಟುಕೊಳ್ಳಿ.

ಅಂದಿನಿಂದ ನಿಮ್ಮ ಹತ್ತಿರ ಬರಬೇಕೆಂದು ಎರಡು ಸಲ ಬಸ್ ನಿಲ್ದಾಣದ ತನಕ ಹೋಗಿ ವಾಪಸು ಬಂದೆ. ಮೂರನೇ ಸಲ ಹೊರಡಬೇಕು ಎನ್ನುವಷ್ಟರಲ್ಲಿ ನಿಮ್ಮ ಕಾಗದ ಬಂತು, ಡಬ್ಬಿಯ ಮಾತು ಹೊತ್ತುಕೊಂಡು. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ. ಹೇಳಿಬಿಡುತ್ತೇನೆ. ನೀವು ಕುಳಿತುಕೊಂಡು ಓದಿ.

ಪೋಸು ತೆಗೆಯುವಾಗ ಎಲ್ಲರ ಫೋನೂ ಕಾರಿನಲ್ಲಿರುವ ಬಿಸ್ಕತ್ತಿನ ಡಬ್ಬಿಗೆ ಹೋಗಬೇಕು ಎನ್ನುವುದು ನಿಮ್ಮ ನಿಯಮ. "ಮದುಮಕ್ಕಳು ಈಗ ತಾನೇ ಹಗುರಾಗಿರ್ತಾರೆ, ಒಂದು ರಿಂಗ್ ಬಂದ್ರೆ ಮತ್ತೆ ಕೊರಡು" ಎನ್ನುತ್ತಿದ್ದಿರಿ. ಆ ದಿನ ಬೆಳಿಗ್ಗೆ ಬಟಾಣಿಗೆ ಉಬ್ಬಸ ಶುರುವಾಗಿತ್ತು. ಅಕ್ಕ ಆಗ ನಮ್ಮ ಮನೆಗೆ ಬಂದಿದ್ದಳು, ಅವಳ ಹತ್ತಿರ ಬಿಟ್ಟು ಹೊರಟೆವು. ಹೊರಡುವಾಗ ನಿಮ್ಮ ಫೋನು ಡಬ್ಬಿಗೆ ಹೋಯಿತು. ನನ್ನದೂ ಹೋಯಿತೆಂದು ನೀವು ತಿಳಿದಿರಿ. ಹೋಗಿರಲಿಲ್ಲ. ನನ್ನ ಜೇಬಿನಲ್ಲೇ ಇತ್ತು.

ಆ ಮದುಮಗಳು ಎರಡು ಗಂಟೆ ನಮ್ಮ ಜೀವ ತಿಂದಿದ್ದಳು. ನಾವು ಮಾಡಿ ತೋರಿಸಿದರೂ ಆಗಲಿಲ್ಲ, ವಿಗ್ಗಿನ ಮಾತಿಗೂ ಬಗ್ಗಲಿಲ್ಲ. ಕೊನೆಗೊಮ್ಮೆ ಅವಳ ಗಂಡ ಕಿವಿಯಲ್ಲಿ ಏನೋ ಅಂದ, ಅವಳು ಕಣ್ಣು ಮುಚ್ಚಿ ನಕ್ಕು ಅವನ ಹೆಗಲಿಗೆ ಒರಗಿದಳು. ನೀವು ಉಸಿರು ಬಿಗಿಹಿಡಿದು ತೆಗೆಯುತ್ತಿದ್ದಿರಿ. ಅದೇ ಹೊತ್ತಿಗೆ ನನ್ನ ಜೇಬು ನಡುಗಿತು. ತೆಗೆದು ನೋಡಿದೆ. ಅಕ್ಕ ಎಂದು ಬರುತ್ತಿತ್ತು. ನೋಡಿಯೂ ಕರೆ ಕಟ್ ಮಾಡಿದೆ ರೀ. ನಡುಗದ ಹಾಗೆ ಮಾಡಿ ಮತ್ತೆ ಜೇಬಿಗಿಟ್ಟೆ. ಒಂದು ನಿಮಿಷ ಇರು ಅಕ್ಕ, ಈಗ ಮಾತಾಡಿದರೆ ಈ ಹುಡುಗಿ ಮತ್ತೆ ಬಿಗಿದುಕೊಳ್ಳುತ್ತಾಳೆ ಎಂದುಕೊಂಡೆ. ಬೆಳಕು ಚೆನ್ನಾಗಿತ್ತು, ಒಂದು ನಿಮಿಷ ಹೋಗಿ ನಲವತ್ತು ನಿಮಿಷವಾಯಿತು. ನಾನೇ ನಿಮಗೆ "ಇನ್ನೊಂದು ತಗೊಳ್ಳಿ, ಹಿಂದಿನ ಕಿಟಕಿ ಹತ್ತಿರ ಇನ್ನೊಂದು" ಎಂದು ಹೇಳುತ್ತಿದ್ದೆ.

ಅಕ್ಕ ಕರೆದದ್ದು ಉಸಿರಾಟದ ಪಂಪು ಎಲ್ಲಿದೆ ಎಂದು ಕೇಳಲು. ತೊಳೆದು ಅಡುಗೆಮನೆಯ ಕಿಟಕಿಯ ಮೇಲೆ ಒಣಗಲು ಇಟ್ಟಿದ್ದೆ. ಬಾಯಿ ಬಿಟ್ಟು ಅಷ್ಟು ಹೇಳಿದ್ದರೆ ಸಾಕಿತ್ತು. ಅವಳು ಮನೆಯೆಲ್ಲ ತಡಕಾಡಿ, ಸಿಗದೆ, ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದಳು. ಆಸ್ಪತ್ರೆಯಲ್ಲಿ ಅವರು ಏನು ಹೇಳಿದರು ಎಂಬುದು ನಿಮಗೂ ಗೊತ್ತು.

ಇಷ್ಟೇ ಆಗಿದ್ದರೆ ಕೆಲಸದ ಭರದಲ್ಲಿ ಆದದ್ದು ಎನ್ನಬಹುದಿತ್ತು. ಆಮೇಲೆ ಮಾಡಿದ್ದು ಹಾಗಲ್ಲ. ನೀವು ಲೆನ್ಸುಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಿದ್ದಿರಿ. ನಾನು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಫೋನು ನೋಡಿದೆ. ಹನ್ನೊಂದು ಸಲ ಕರೆ ಬಂದಿತ್ತು. ನೀವು ಬರುವ ಸದ್ದಾಯಿತು, ಡಬ್ಬಿಯ ಮುಚ್ಚಳ ಎತ್ತಿ ಫೋನು ಒಳಗೆ ಹಾಕಿ ಮುಚ್ಚಿದೆ. ನೀವು ಬಂದು ಕುಳಿತ ಮೇಲೆ ನಿಮ್ಮೆದುರಿಗೇ ಡಬ್ಬಿ ತೆರೆದು, "ಅಯ್ಯೋ, ಅಕ್ಕ ಎಷ್ಟು ಸಲ ಮಾಡಿದ್ದಾಳೆ ನೋಡಿ!" ಎಂದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಏನಾಗಿದೆ ಎಂದೇ ಆಗ ನನಗೆ ಗೊತ್ತಿರಲಿಲ್ಲ, ನಿಮ್ಮಿಂದ ಬೈಸಿಕೊಳ್ಳುತ್ತೇನೆಂಬ ಹೆದರಿಕೆ ಇರಬೇಕು. ಬೈಗುಳಕ್ಕೆ ಹೆದರಿ ಆಡಿದ ಆಟವನ್ನು ಮೂರು ವರ್ಷವಾದರೂ ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನೀವು ಆ ಡಬ್ಬಿಯನ್ನು ಕಾಲಿನಿಂದ ತುಳಿದು ತುಳಿದು ಚಪ್ಪಟೆ ಮಾಡಿದಿರಿ. "ನನ್ನ ಡಬ್ಬಿ ತಿಂತು ಮಗೂನ" ಎಂದು ಹಣೆ ಚಚ್ಚಿಕೊಂಡಿರಿ. ನಾನು ನಿಮ್ಮ ಬೆನ್ನು ಸವರುತ್ತಿದ್ದೆ. ನಿಮ್ಮದೇನೂ ತಪ್ಪಿಲ್ಲ, ಸುಮ್ಮನಿರಿ ಎಂದು ಹೇಳುತ್ತಿದ್ದೆ. ನಾನು ನಿಮ್ಮನ್ನು ಕ್ಷಮಿಸುತ್ತಿದ್ದೇನೆ ಎಂದು ನೀವು ತಿಳಿದಿರಿ. ಅಂದಿನಿಂದ ನೀವು ನನ್ನೆದುರು ತಲೆ ಎತ್ತಿ ಮಾತಾಡಲಿಲ್ಲ. ನೀವು ತಲೆ ತಗ್ಗಿಸಿದಾಗಲೆಲ್ಲ ನನಗೆ ಬಾಯಿ ಬಿಡಬೇಕೆನ್ನಿಸುತ್ತಿತ್ತು, ನಾಳೆ ಹೇಳೋಣ ಎಂದು ನುಂಗಿಕೊಳ್ಳುತ್ತಿದ್ದೆ. ಆಮೇಲೆ ನಿಮ್ಮ ಮೇಲೆ ಕೋಪಿಸಿಕೊಳ್ಳಲು ಆ ಪೋಸು ಸಿಕ್ಕಿತು. ಹೊರಟುಹೋಗಲು ಒಂದು ಕಾರಣ ಸಿಕ್ಕಿದ್ದಕ್ಕೆ ಒಳಗೊಳಗೇ ಹಗುರಾಗಿಯೂ ಇತ್ತು. ಇದೂ ನಿಜ, ಬರೆದುಬಿಟ್ಟೆ.

ಅಕ್ಕನಿಗೆ ಇದು ನಿನ್ನೆಯ ತನಕ ಗೊತ್ತಿರಲಿಲ್ಲ. ನಿನ್ನೆ ಹೇಳಿದೆ. ಪಂಪು ಹುಡುಕಲಾಗದ ಪಾಪಿ ನಾನು ಎಂದು ಅವಳೂ ಇಷ್ಟು ವರ್ಷ ಕೊರಗಿದ್ದಾಳೆ. ನನ್ನ ಮಾತು ಕೇಳಿ ಎದ್ದು ಹೋಗಿ ಒಗೆದ ಬಟ್ಟೆ ಮಡಿಸತೊಡಗಿದಳು. ನನ್ನ ಬಟ್ಟೆ ಮಾತ್ರ ಮಡಿಸದೆ ಪಕ್ಕಕ್ಕಿಟ್ಟಳು. ಇವತ್ತು ಬೆಳಿಗ್ಗೆ ಎದ್ದಾಗ ಅವೂ ಮಡಿಸಿದ್ದವು. ನೀವು ಏನು ಮಾಡುತ್ತೀರೋ ನನಗೆ ತಿಳಿಯದು.

ಕಾಗದವನ್ನು ಸಹಿಯಿಲ್ಲದೆ ಇದರ ಜೊತೆಗಿಟ್ಟಿದ್ದೇನೆ. ನಿಮ್ಮ ಜೊತೆ ಬಾಳುವ ಆಸೆ ನನಗಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ತುಂಬ ಇದೆ. ಆದರೆ ಬಿಡುಗಡೆ ಕೊಡುವವರು ಯಾರಿಗೆ, ಯಾತಕ್ಕೆ ಕೊಡುತ್ತಿದ್ದೇನೆ ಎಂದು ತಿಳಿದು ಕೊಡಬೇಕು. ಈಗ ನಿಮಗೆ ತಿಳಿಯಿತು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಟುಡಿಯೋಗೆ ಬರುತ್ತೇನೆ. ನಿಮಗೆ ಬೇಡವೆನ್ನಿಸಿದರೆ ಬಾಗಿಲು ಹಾಕಿಕೊಂಡಿರಿ, ಬಡಿಯುವುದಿಲ್ಲ, ನೇರ ವಕೀಲರ ಕಚೇರಿಗೆ ಹೋಗಿ ಸಹಿ ಮಾಡುತ್ತೇನೆ. ಬೈಯಬೇಕೆನ್ನಿಸಿದರೆ ಮಾತ್ರ ದಯವಿಟ್ಟು ಬಾಗಿಲು ತೆಗೆಯಿರಿ. ಮೂರು ವರ್ಷದ ಹಿಂದೆ ಕೇಳಬೇಕಾಗಿದ್ದ ಬೈಗುಳ ಅದು, ನಿಂತು ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇತಿ,
ಬಟಾಣಿಯ ಅಮ್ಮ

ಮರೆತ ಮಾತು: ಆ ಹಳೆಯ ಫೋನು ಕಳೆದುಹೋಯಿತು ಎಂದು ನಿಮಗೆ ಹೇಳಿದ್ದೆನಲ್ಲ, ಅದೂ ಸುಳ್ಳು. ನನ್ನ ಹತ್ತಿರವೇ ಇದೆ, ವಾರಕ್ಕೊಮ್ಮೆ ಚಾರ್ಜ್ ಮಾಡುತ್ತೇನೆ. ಹನ್ನೊಂದು ಕರೆಗಳ ಕೆಳಗೆ ಅಕ್ಕನ ಫೋನಿನಿಂದ ಬಂದ ಒಂದು ದನಿಯ ಮೆಸೇಜು ಇದೆ, ಇಪ್ಪತ್ತೆರಡು ಸೆಕೆಂಡಿನದು. ಅಕ್ಕನನ್ನು ಕೇಳಿದೆ. "ನಾನು ಫೋನ್ ಮಾಡಿದ್ದು ಅಷ್ಟೇ ಕಣೇ, ಆ ಗುಂಡಿ ಒತ್ತಿ ಹಿಡಿದು ಮಾತಾಡೋದೆಲ್ಲ ನನಗೆ ಎಲ್ಲಿ ಬರುತ್ತೆ" ಎಂದಳು. ಆ ಮನೆಯಲ್ಲಿ ಆ ಹೊತ್ತಿಗೆ ಅದು ಬರುತ್ತಿದ್ದುದು ಇನ್ನೊಬ್ಬಳಿಗೆ ಮಾತ್ರ. ನಾನು ಇನ್ನೂ ಕೇಳಿಲ್ಲ ರೀ, ಒಬ್ಬಳಿಗೇ ಧೈರ್ಯ ಬಂದಿಲ್ಲ. ಗುರುವಾರ ತರುತ್ತೇನೆ.